ಜೇಬಿಗೆ ಹಿಡಿಯದ ಪಾಕೆಟ್ ಕ್ಯಾಮೆರಾ: ಆರು ವರ್ಷ ಬಳಸಿದ ಮೇಲೆ

ಹೆಸರಿನಲ್ಲಿ ಪಾಕೆಟ್ ಇದೆ. ಆದರೆ ಇದು ಹಿಡಿಯುವ ಜೇಬನ್ನು ಬೆಂಗಳೂರಿನ ಯಾವ ಟೈಲರೂ ಇನ್ನೂ ಹೊಲಿದಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ ನನ್ನ ಹತ್ತಿರ 2019ರ ಕೊನೆಯಿಂದ ಇದೆ. ಮದುವೆ, ಸಂದರ್ಶನ, ಎರಡು ಕಿರುಚಿತ್ರ, ಒಂದಷ್ಟು ಸಾಕ್ಷ್ಯಚಿತ್ರದ ಕೆಲಸ, ಎಲ್ಲವನ್ನೂ ಇದರಲ್ಲೇ ಮಾಡಿದ್ದೇನೆ. ಈಗಲೂ ತಿಂಗಳಿಗೆ ಒಂದಿಬ್ಬರು ಹುಡುಗರು ಫೋನ್ ಮಾಡಿ, "ಅಣ್ಣಾ, ಸೆಕೆಂಡ್ ಹ್ಯಾಂಡ್ ಸಿಗ್ತಿದೆ, ತಗೊಳ್ಳಲಾ?" ಅಂತ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

2018ರ ಏಪ್ರಿಲ್‌ನಲ್ಲಿ ಇದನ್ನು ಘೋಷಿಸಿದಾಗ ಬೆಲೆ 1,295 ಡಾಲರ್ ಇತ್ತು. ನಮ್ಮ ಕೈಗೆ ಬರುವಷ್ಟರಲ್ಲಿ ಲಕ್ಷ ದಾಟಿತ್ತು. ಆದರೂ ಅಗ್ಗವೇ ಅನ್ನಿಸಿತು. ಆಗ ರಾ ಫುಟೇಜ್ (ಸೆನ್ಸರ್ ಕಂಡದ್ದನ್ನು ಹೆಚ್ಚು ತಿದ್ದದೆ ಉಳಿಸುವ ವಿಡಿಯೋ) ಬೇಕೆಂದರೆ ನಾವು ದಿನಬಾಡಿಗೆಗೆ ದೊಡ್ಡ ಕ್ಯಾಮೆರಾ ತರಬೇಕಿತ್ತು. ಕ್ಯಾಮೆರಾ ಜೊತೆ ಅಟೆಂಡೆಂಟ್ ಬರುತ್ತಿದ್ದ. ಅವನ ಊಟ, ಬಾಟಾ, ಆಟೋ ಖರ್ಚು ಎಲ್ಲ ನಮ್ಮದೇ. ಅದೆಲ್ಲ ತಪ್ಪುತ್ತದೆ, ಇನ್ನು ಮೇಲೆ ಬ್ಯಾಗ್ ಹೆಗಲಿಗೇರಿಸಿ ಒಬ್ಬನೇ ಮೆಟ್ರೋ ಹತ್ತಿ ಶೂಟ್ ಮಾಡಿಕೊಂಡು ಬರಬಹುದು ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ. ಇದು ಒಬ್ಬರ ಕ್ಯಾಮೆರಾ ಅಲ್ಲ. ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಇದರಲ್ಲಿ ಆಟೋಫೋಕಸ್ ಇರುವುದು ಬಟನ್ ಒತ್ತಿದಾಗ ಒಂದು ಸಲಕ್ಕೆ ಮಾತ್ರ. ಮನುಷ್ಯ ನಡೆದು ಬಂದರೆ ಅದು ಹಿಂಬಾಲಿಸುವುದಿಲ್ಲ. ಬಾಡಿಯೊಳಗೆ ಕೈ ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಇಲ್ಲ. ಐದು ಇಂಚಿನ ಸ್ಕ್ರೀನ್ ಚೆನ್ನಾಗಿದೆ, ಆದರೆ ಹಿಂದೆಯೇ ಅಂಟಿಕೊಂಡಿದೆ, ತಿರುಗುವುದಿಲ್ಲ. ಇದೆಲ್ಲ ತಗೊಳ್ಳುವ ಮೊದಲೇ ಗೊತ್ತಿತ್ತು. ಗೊತ್ತಿರುವುದು ಬೇರೆ, ಅನುಭವಿಸುವುದು ಬೇರೆ ಅಲ್ವಾ?

ಮೊದಲ ಮದುವೆ ಬಸವೇಶ್ವರನಗರದ ಒಂದು ಛತ್ರದಲ್ಲಿ. ಅಂತರಪಟ ಸರಿಯಿತು, ವಾದ್ಯ ಜೋರಾಯಿತು, ಹುಡುಗ ಹುಡುಗಿ ಜೀರಿಗೆ ಬೆಲ್ಲ ಹಾಕಿಕೊಂಡರು. ನಾನು ಫ್ರೇಮ್ ನೋಡುತ್ತಾ ಮೈಮರೆತಿದ್ದೆ. ಫೋಕಸ್ ಮಾತ್ರ ಪುರೋಹಿತರ ಶಲ್ಯದ ಮೇಲೆ ಕೂತಿತ್ತು. ಶಲ್ಯದ ಜರಿಯನ್ನು ಎಳೆ ಎಳೆಯಾಗಿ ಎಣಿಸಬಹುದು, ಅಷ್ಟು ಶಾರ್ಪ್. ವಿಡಿಯೋ ನೋಡಿದ ಹುಡುಗಿಯ ತಾಯಿ, "ಏನಪ್ಪಾ, ಜೋಯಿಸರ ಮದುವೆ ತೆಗೆದಿದ್ದೀಯಾ?" ಅಂದರು. ತಪ್ಪು ನನ್ನದೇ. ಅವತ್ತಿನಿಂದ ಅಕ್ಕನ ಮಗನನ್ನು ಫೋಕಸ್ ಹಿಡಿಯಲು ಕರೆದುಕೊಂಡು ಹೋಗುತ್ತಿದ್ದೇನೆ.

ಅವನು ಕಲಿತದ್ದು ಒಂದು ಹಳೆಯ ನಿಕ್ಕಾರ್ 50 ಎಂಎಂ ಲೆನ್ಸಿನಲ್ಲಿ. ನಮ್ಮ ಮಾವನವರು ಫೋಟೋ ಸ್ಟುಡಿಯೋ ಮುಚ್ಚಿದಾಗ ಉಳಿದದ್ದು ಅದೊಂದೇ. ಈ ಕ್ಯಾಮೆರಾದ ಮೈಕ್ರೋ ಫೋರ್ ಥರ್ಡ್ಸ್ ಮೌಂಟಿಗೆ, ಅಂದರೆ ಲೆನ್ಸ್ ಕೂರುವ ಬಾಯಿಗೆ, ಸಾದಾ ಅಡಾಪ್ಟರ್ ಹಾಕಿದರೆ ಇಂಥ ಹಳೆ ಲೆನ್ಸ್ ಯಾವುದಾದರೂ ಕೂರುತ್ತದೆ. ಸೆನ್ಸರ್ ಚಿಕ್ಕದು, ಹಾಗಾಗಿ 50 ಎಂಎಂ ಇಲ್ಲಿ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸುಮಾರು 95 ಎಂಎಂ ಲೆನ್ಸ್ ಕೊಡುವಂಥ ನೋಟ ಕೊಡುತ್ತದೆ. ಮುಖಗಳಿಗೆ ಬಲು ಚಂದ. ಆದರೆ ನಿಕಾನ್ ಲೆನ್ಸಿನ ಫೋಕಸ್ ರಿಂಗ್ ಸಿನಿಮಾ ಲೆನ್ಸುಗಳಿಗೆ ಉಲ್ಟಾ ತಿರುಗುತ್ತದೆ. ಇದು ನಮಗೆ ಹೊಳೆದದ್ದು ಕಿರುಚಿತ್ರಕ್ಕೆ ಸಿನಿ ಲೆನ್ಸ್ ಬಾಡಿಗೆಗೆ ತಂದ ದಿನ. ನಾಯಕಿ ಬಾಗಿಲಿನಿಂದ ಕ್ಯಾಮೆರಾ ಕಡೆ ನಡೆದು ಬರುತ್ತಾಳೆ, ಹುಡುಗ ಆತ್ಮವಿಶ್ವಾಸದಿಂದ ರಿಂಗನ್ನು ಇನ್ಫಿನಿಟಿ (ಬಲು ದೂರ) ಕಡೆಗೆ ತಿರುಗಿಸುತ್ತಾನೆ. ಹತ್ತಿರ ಬಂದಷ್ಟೂ ಆಕೆ ಮಂಜಾಗುತ್ತಾ ಹೋದಳು. "ಮಾಮ, ಕೈ ತಾನಾಗೇ ಆ ಕಡೆ ಹೋಗತ್ತೆ" ಅಂದ. ಮೂರು ಟೇಕ್ ಹೋಯಿತು.

ಇಷ್ಟು ಬೈದ ಮೇಲೂ ಯಾಕೆ ಇಟ್ಟುಕೊಂಡಿದ್ದೀಯಾ ಅಂತ ಕೇಳಿದರೆ, ನಾನು 2023ರ ಕರಗದ ಫುಟೇಜ್ ತೋರಿಸುತ್ತೇನೆ. ತಿಗಳರ ಪೇಟೆ, ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ಮಧ್ಯರಾತ್ರಿ ದಾಟಿದೆ. ಬೆಳಕೆಂದರೆ ಬೀದಿ ದೀಪ, ಸೀರಿಯಲ್ ಸೆಟ್, ಅಲ್ಲಲ್ಲಿ ಒಂದು ಟ್ಯೂಬ್‌ಲೈಟ್. ಈ ಕ್ಯಾಮೆರಾಗೆ ಎರಡು ಮೂಲ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಇವೆ, 400 ಮತ್ತು 3200. ಅವತ್ತು 3200ಕ್ಕೆ ಇಟ್ಟು ಇಡೀ ರಾತ್ರಿ ಮುಟ್ಟಲಿಲ್ಲ. ಕರಗದ ಮಲ್ಲಿಗೆ ಬರೀ ಬಿಳಿ ಗುಪ್ಪೆಯಾಗಿ ಸುಟ್ಟುಹೋಗಲಿಲ್ಲ, ಮೊಗ್ಗು ಮೊಗ್ಗೂ ಬೇರೆ ಬೇರೆ ಕಾಣುತ್ತದೆ. ವೀರಕುಮಾರರ ಬೆನ್ನಿನ ಬೆವರು, ಕತ್ತಿಯ ಅಲುಗಿನ ಮೇಲೆ ಹಾದುಹೋಗುವ ಬೆಳಕು, ಹಿಂದೆ ಕತ್ತಲಲ್ಲಿ ನಿಂತವರ ಮುಖ, ಎಲ್ಲ ಇದೆ. ಎಡಿಟಿಂಗ್ ಟೇಬಲ್ ಮುಂದೆ ಕೂತು ಅದನ್ನು ನೋಡಿದಾಗ ಜೋಯಿಸರ ಶಲ್ಯ ಮರೆತುಹೋಯಿತು.

ಒಂದು ತೊಂದರೆ ಮಾತ್ರ ಇತ್ತು. ಸೀರಿಯಲ್ ಸೆಟ್ಟಿನ ನೀಲಿ ಎಲ್‌ಇಡಿ ಬಿದ್ದ ಕಡೆ ಚರ್ಮದ ಬಣ್ಣ ಕೆಡುತ್ತದೆ, ನೀಲಿ ಇಂಕು ಚೆಲ್ಲಿದ ಹಾಗೆ. ಗ್ರೇಡಿಂಗ್‌ನಲ್ಲಿ, ಅಂದರೆ ಆಮೇಲೆ ಬಣ್ಣ ತಿದ್ದುವಾಗ, ಸ್ವಲ್ಪ ಸರಿಮಾಡಬಹುದು, ಪೂರ್ತಿ ಆಗದು.

ಐಎಸ್‌ಒ ವಿಷಯದಲ್ಲಿ ಹೊಸಬರು ಒಂದು ಮಾತು ನೆನಪಿಟ್ಟುಕೊಳ್ಳಿ. 1000ದವರೆಗೆ ಕ್ಯಾಮೆರಾ ಕೆಳಗಿನ ಗೇನ್‌ನಲ್ಲಿ (ಸೆನ್ಸರಿನ ಸಿಗ್ನಲ್ ಹಿಗ್ಗಿಸುವ ಮಟ್ಟ) ಕೆಲಸ ಮಾಡುತ್ತದೆ, 1250ರಿಂದ ಮೇಲಿನದು ಶುರು. ಹಾಗಾಗಿ 1000ಕ್ಕಿಂತ 1250ರಲ್ಲಿ ನಾಯ್ಸ್ (ಚಿತ್ರದ ಮೇಲಿನ ಕಾಳು ಕಾಳು) ಕಡಿಮೆ. ಹೈಲೈಟ್, ಅಂದರೆ ತುಂಬ ಬೆಳಕಿನ ಭಾಗ, ಮಾತ್ರ 1250ರಲ್ಲಿ ಬೇಗ ಸುಡುತ್ತದೆ, ಕಿಟಕಿ ಇರುವ ಫ್ರೇಮಿನಲ್ಲಿ ಹುಷಾರು. ಇನ್ನು ನಮ್ಮ ಕರೆಂಟು 50 ಹರ್ಟ್ಜ್. ಸೆಕೆಂಡಿಗೆ 24 ಫ್ರೇಮಿನಲ್ಲಿ ಶಟರ್ ಆ್ಯಂಗಲ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತಿನ ಅಳತೆ) 180 ಇಟ್ಟರೆ ಟ್ಯೂಬ್‌ಲೈಟ್ ಅಲೆ ಅಲೆಯಾಗಿ ಮಿನುಗಬಹುದು. 172.8ಕ್ಕೆ ಇಡಿ, ನಿಲ್ಲುತ್ತದೆ. ಮೆನುವಿನಲ್ಲಿ 50 ಹರ್ಟ್ಜ್ ಆರಿಸಿಕೊಂಡರೆ ಕ್ಯಾಮೆರಾನೇ ಸರಿಯಾದ ಆ್ಯಂಗಲ್ ಸೂಚಿಸುತ್ತದೆ.

ಹಗಲಿನ ಕಥೆಯೇ ಬೇರೆ. ಒಮ್ಮೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಒಬ್ಬ ವಕೀಲರ ಸಂದರ್ಶನ. ಹಿಂದೆ ಹೈಕೋರ್ಟಿನ ಕೆಂಪು ಕಟ್ಟಡ, ಮುಂದೆ ಕರಿ ಕೋಟು. ಕ್ಯಾಮೆರಾದೊಳಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲ. ಅದಕ್ಕೇ ಲೆನ್ಸಿನ ಮುಂದೆ ಒಂದು ಅಗ್ಗದ ವೇರಿಯೇಬಲ್ ಎನ್‌ಡಿ ಸಿಕ್ಕಿಸಿ, ಬಿಸಿಲು ತಡೆಯಲು ಅದನ್ನು ಜೋರಾಗಿ ತಿರುಗಿಸಿದ್ದೆ. ಮನೆಗೆ ಬಂದು ನೋಡಿದರೆ ಕೋಟು ಕಾಫಿ ಪುಡಿ ಬಣ್ಣ. ಫಿಲ್ಟರ್ ಕಣ್ಣಿಗೆ ಕಾಣುವ ಬೆಳಕನ್ನು ತಡೆದಿದೆ, ಇನ್‌ಫ್ರಾರೆಡ್ಡನ್ನು ಬಿಟ್ಟುಬಿಟ್ಟಿದೆ. ಸಿಂಥೆಟಿಕ್ ಕರಿ ಬಟ್ಟೆ ಅದನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಕೋಟಿನ ಬಣ್ಣವನ್ನು ತಿದ್ದುತ್ತಾ ಎರಡು ರಾತ್ರಿ ಕಳೆದೆ. ಆಮೇಲೆ ಇನ್‌ಫ್ರಾರೆಡ್ಡನ್ನೂ ತಡೆಯುವ ಎನ್‌ಡಿ ತಗೊಂಡೆ. ಅದಕ್ಕೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಆದರೆ ಕರಿ ಈಗ ಕರಿಯೇ. ಬಿಸಿಲಿನಲ್ಲಿ ಸ್ಕ್ರೀನ್ ನೋಡಲು ಟವಲನ್ನು ತಲೆ ಮೇಲಿಂದ ಹೊದ್ದುಕೊಳ್ಳುತ್ತೇನೆ, ಹಳೇ ಕಾಲದ ಸ್ಟುಡಿಯೋ ಫೋಟೋಗ್ರಾಫರ್ ಥರ.

ಬ್ಯಾಟರಿ. ಒಳಗೆ ಹಾಕುವ ಎಲ್‌ಪಿ-ಇ6 ಸಣ್ಣದು, ಕೆಲಸ ಮಾಡುವವರು ಅದನ್ನು ನಂಬಿ ಮನೆ ಬಿಡುವುದಿಲ್ಲ. ನನಗೆ ಒಂದಕ್ಕೆ ಮುಕ್ಕಾಲು ಗಂಟೆ ಬಂದರೆ ಹಬ್ಬ. 12 ವೋಲ್ಟ್ ಪಿನ್ನಿಗೆ ಹೊರಗಿನ ದೊಡ್ಡ ವಿ-ಮೌಂಟ್ ಬ್ಯಾಟರಿ ಜೋಡಿಸಿದರೆ ಅರ್ಧ ದಿನ ನೆಮ್ಮದಿ. ಅಲ್ಲೂ ಜಿಪುಣತನ ಮಾಡಬೇಡಿ. ಹೆಸರಿಲ್ಲದ ಒಂದು ವಿ-ಮೌಂಟ್ ತಂದಿದ್ದೆ. 40 ಪರ್ಸೆಂಟ್ ತೋರಿಸುತ್ತಾ ತೋರಿಸುತ್ತಾ ಸತ್ತುಹೋಯಿತು. 82 ವರ್ಷದ ಅಜ್ಜಿ ತಮ್ಮ ಹಳ್ಳಿ ಕೆರೆಯ ಕಥೆ ಹೇಳುತ್ತಿದ್ದರು. ಆ ಕ್ಲಿಪ್ ತೆರೆಯಲೇ ಇಲ್ಲ. "ಇನ್ನೊಂದು ಸಲ ಹೇಳಿ ಅಜ್ಜಿ" ಅಂದೆ. ಹೇಳಿದರು ಪಾಪ. ಆದರೆ ಎರಡನೇ ಸಲ ಬರೀ ಮಾಹಿತಿ ಬಂತು.

ರೆಕಾರ್ಡಿಂಗನ್ನು ಯುಎಸ್‌ಬಿ-ಸಿ ಮೂಲಕ ನೇರ ಎಸ್‌ಎಸ್‌ಡಿಗೆ ಮಾಡಬಹುದು. ನನ್ನ ಪಾಲಿಗೆ ದೊಡ್ಡ ಉಳಿತಾಯ ಇದೇ, ಕ್ಯಾಮೆರಾದೊಳಗೆ ಹಾಕುವ ಸಿಫಾಸ್ಟ್ ಮೆಮೊರಿ ಕಾರ್ಡುಗಳ ಬೆಲೆ ಕೇಳಿದರೆ ಗೊತ್ತಾಗುತ್ತದೆ. ಬ್ಲ್ಯಾಕ್‌ಮ್ಯಾಜಿಕ್‌ನ ರಾ ಫಾರ್ಮ್ಯಾಟನ್ನು 5:1ಕ್ಕೆ ಕುಗ್ಗಿಸಿದರೆ, 24 ಫ್ರೇಮಿಗೆ, ಒಂದು ಟಿಬಿಯಲ್ಲಿ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಕೇಬಲ್ಲಿಗೆ ಕ್ಲ್ಯಾಂಪ್ ಇರುವ ಕೇಜ್ (ಕ್ಯಾಮೆರಾ ಸುತ್ತ ಕೂರುವ ಲೋಹದ ಚೌಕಟ್ಟು) ಹಾಕಿ, ಇಲ್ಲದಿದ್ದರೆ ಯಾರದೋ ಮೊಣಕೈ ತಾಗಿ ರೆಕಾರ್ಡಿಂಗ್ ನಿಲ್ಲುತ್ತದೆ. ಕ್ಯಾಮೆರಾ ಬಾಡಿಯಲ್ಲಿ ನೀರು ತಡೆಯುವ ಸೀಲ್ ಇಲ್ಲ. ಸಂಜೆ ಮಳೆಗೆ ನನ್ನ ಉಪಾಯ ಹೋಟೆಲ್ ರೂಮಿನ ಶವರ್ ಕ್ಯಾಪ್ ಮತ್ತು ಅಕ್ಕನ ಮಗ ಹಿಡಿದ ಕೊಡೆ.

ಕೇಜ್, ರಾಡ್, ಬ್ಯಾಟರಿ, ಎಸ್‌ಎಸ್‌ಡಿ, ಮೈಕು ಎಲ್ಲ ಸೇರಿದ ಮೇಲೆ ಕ್ಯಾಮೆರಾದ ಚಹರೆಯೇ ಬದಲಾಯಿತು. ಮೊದಲು ಲಾಲ್‌ಬಾಗಿನಲ್ಲಿ ಸ್ಟಿಲ್ ಕ್ಯಾಮೆರಾ ಅಂತ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ಗೇಟಿನಲ್ಲೇ "ಪರ್ಮಿಷನ್ ಲೆಟರ್ ಇದ್ಯಾ ಸಾರ್?"

ಡಬ್ಬಿಯೊಳಗೆ ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಕೀ ಬರುತ್ತದೆ. ಬೇರೆಯಾಗಿ ತಗೊಂಡರೆ 295 ಡಾಲರ್. ಅವತ್ತಿನ ಅದೇ ಕೀಯಲ್ಲಿ ಈವರೆಗಿನ ಹೊಸ ಆವೃತ್ತಿಗಳೆಲ್ಲ ನಡೆದಿವೆ, ಒಂದು ಪೈಸೆ ಕೇಳಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಆ ಕೀ ಜೊತೆಗೆ ಕೊಡುತ್ತಾರಾ ಅಂತ ಮೊದಲು ಕೇಳಿ. ಆಮೇಲೆ ಯುಎಸ್‌ಬಿ ಪೋರ್ಟಿಗೆ ಎಸ್‌ಎಸ್‌ಡಿ ಸಿಕ್ಕಿಸಿ ಹತ್ತು ನಿಮಿಷ ಬಿಡದೆ ರೆಕಾರ್ಡ್ ಮಾಡಿ, ಕೇಬಲ್ ಸುಮ್ನೆ ಸ್ವಲ್ಪ ಅಲ್ಲಾಡಿಸಿ ನೋಡಿ. ಪೋರ್ಟ್ ಸಡಿಲವಾಗಿದ್ದರೆ ಎದ್ದು ಬನ್ನಿ. ಒಂದಿಷ್ಟು ಜಾಸ್ತಿ ದುಡ್ಡಿದ್ದರೆ 2021ರಲ್ಲಿ ಬಂದ 6ಕೆ ಪ್ರೋ ನೋಡಬಹುದು, ಅದರಲ್ಲಿ ಎನ್‌ಡಿ ಒಳಗೇ ಇದೆ, ಸ್ಕ್ರೀನ್ ಮೇಲೆ ಕೆಳಗೆ ಬಾಗುತ್ತದೆ. ಒಬ್ಬರೇ ಮದುವೆ ಮಾಡುವವರಾದರೆ ಎರಡೂ ಬೇಡ, ಒಳ್ಳೆ ಆಟೋಫೋಕಸ್ ಇರುವ ಮಿರರ್‌ಲೆಸ್ ತಗೊಳ್ಳಿ.

ನನ್ನದನ್ನು ಮಾರುತ್ತೀರಾ ಅಂತ ಮಾತ್ರ ಕೇಳಬೇಡಿ. ಕಾರ್ತಿಕದ ಕೊನೇ ಸೋಮವಾರಕ್ಕೆ ಕಡಲೆಕಾಯಿ ಪರಿಷೆ. ಅಕ್ಕನ ಮಗ ಆಗಲೇ ಬುಕ್ ಮಾಡಿದ್ದಾನೆ: "ಮಾಮ, ಈ ಸಲ ಕ್ಯಾಮೆರಾ ನನಗೆ. ಫೋಕಸ್ ನೀನು ಹಿಡಿ."