ಟ್ರೇಲರ್ ಬ್ರೇಕ್ ಗೊತ್ತಿರುವ ಮೇಸ್ತ್ರಿ ಸಿಕ್ಕಿದರು

ನನ್ನದು 40 ಅಡಿ ಟ್ರೇಲರ್. ನಂಜನಗೂಡಿನಿಂದ ಮಂಗಳೂರು ಬಂದರಿಗೆ ಲೋಡ್ ಹೊಡೆಯುತ್ತೇನೆ. ಸ್ಟಿಯರಿಂಗ್ ಹಿಡಿದು 22 ವರ್ಷ ಆಯಿತು. ಯಾವ ಗ್ಯಾರೇಜಿನ ಬಗ್ಗೆಯೂ ಇದುವರೆಗೆ ಬರೆದಿಲ್ಲ, ಇದೇ ಮೊದಲು.

ಫೆಬ್ರವರಿಯಲ್ಲಿ 28 ಟನ್ ಹಾಕಿಕೊಂಡು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುತ್ತಿದ್ದೆ. ಜೋಡುಪಾಲದ ಹತ್ತಿರ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು. ಬ್ರೇಕ್ ಒತ್ತಿದರೆ ಗಾಡಿ ನಿಧಾನವಾಗುತ್ತಿತ್ತು, ಆದರೆ ಹಿಂದಿನಿಂದ ಯಾರೋ ನೂಕುತ್ತಿದ್ದಾರೆ ಅನ್ನಿಸುತ್ತಿತ್ತು. ಅಗಲ ಜಾಗ ನೋಡಿ ನಿಲ್ಲಿಸಿ, ಒಂದು ಸುತ್ತು ಬಂದೆ. ಹಾರ್ಸಿನ (ಟ್ರೇಲರ್ ಎಳೆಯುವ ಮುಂದಿನ ಎಂಜಿನ್ ಗಾಡಿ) ಹಿಂದಿನ ಬ್ರೇಕ್ ಡ್ರಮ್ಮುಗಳ ಹತ್ತಿರ ಕೈ ಒಯ್ಯುವ ಹಾಗಿರಲಿಲ್ಲ. ಟ್ರೇಲರ್ ಡ್ರಮ್ಮುಗಳು ಬೆಚ್ಚಗೂ ಆಗಿರಲಿಲ್ಲ.

ಜೊತೆಯಲ್ಲಿದ್ದ ಅಕ್ಕನ ಮಗ "ಮಾವ, ನೀರು ಹುಯ್ಲಾ?" ಅಂದ. ಬೇಡ ಅಂದೆ. ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಒಂದೂವರೆ ಗಂಟೆ ಅಲ್ಲೇ ಕೂತೆವು. ಇಪ್ಪತ್ತು ದಿನದ ಹಿಂದಷ್ಟೇ ಬೇರೊಂದು ಕಡೆ ಫುಲ್ ಬ್ರೇಕ್ ಕೆಲಸ ಅಂತ ದುಡ್ಡು ಕೊಟ್ಟಿದ್ದೆ. ಅವರು ಹಾರ್ಸ್ ಮಾತ್ರ ಮುಟ್ಟಿ ಕಳಿಸಿದ್ದರು. ಆ ಸಿಟ್ಟು ಈಗಲೂ ಇದೆ.

ಆಮೇಲೆ ನಾನು ಗಾಡಿ ತೋರಿಸಿದ ಗ್ಯಾರೇಜ್ ಇರುವುದು ಮಂಡ್ಯದಿಂದ ತೂಬಿನಕೆರೆ ಕಡೆ ಹೋಗುವ ಸರ್ವಿಸ್ ರಸ್ತೆಯಲ್ಲಿ. ತಗಡಿನ ಶೆಡ್ಡು, ಇಬ್ಬರು ಹುಡುಗರು. ಮೇಸ್ತ್ರಿ ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಹಾರ್ಸ್ ಕಡೆ ನೋಡದೆ ಸೀದಾ ಟ್ರೇಲರ್ ಕೆಳಗೆ ತೂರಿದರು.

ಒಳಗಿಂದಲೇ ಹುಡುಗನಿಗೆ ಪೆಡಲ್ ಒತ್ತಿ ಹಿಡಿಯಲು ಹೇಳಿದರು. ಒಂದೊಂದು ಬೂಸ್ಟರಿನ (ಗಾಳಿಯ ಬಲದಿಂದ ಬ್ರೇಕ್ ಒತ್ತುವ ಡಬ್ಬಿ) ರಾಡಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎಷ್ಟು ಹೊರಗೆ ಬರುತ್ತದೆ ಅಂತ ಅಳೆದರು. ಆರರಲ್ಲಿ ನಾಲ್ಕು ಎರಡು ಇಂಚು ದಾಟಿದ್ದವು. ರಾಡು ಅಷ್ಟು ಹೊರಗೆ ಬಂದರೆ ಲೈನರನ್ನು ಡ್ರಮ್ಮಿಗೆ ಒತ್ತುವ ಬಲವೇ ಉಳಿಯುವುದಿಲ್ಲ. "ಅಣ್ಣ, ನಿಮ್ ಟ್ರೇಲರ್ಗೆ ಬ್ರೇಕೇ ಇಲ್ಲ ಕಣಣ್ಣ, ಎಲ್ಲಾನೂವೆ ಹಾರ್ಸೇ ಹಿಡೀತಾ ಐತೆ" ಅಂದರು. ನನ್ನ ಎದೆ ಝಲ್ ಅಂತು. ಒದ್ದೆ ರಸ್ತೆಯ ತಿರುವಿನಲ್ಲಿ ಹಾರ್ಸ್ ಹಿಡಿದು ಟ್ರೇಲರ್ ಹಿಡಿಯದಿದ್ದರೆ ಗಾಡಿ ಕತ್ತರಿಯ ಹಾಗೆ ಮಡಚಿಕೊಳ್ಳುತ್ತದೆ, ಅಲ್ವಾ? ಹಾಗೆ ಮಡಚಿಕೊಂಡ ಗಾಡಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ರಾಡಿನ ಸಡಿಲ ಬಿಗಿ ಮಾಡುವ ಸ್ಲ್ಯಾಕ್ ಅಡ್ಜಸ್ಟರ್ ಆರೂ ಸರಿ ಮಾಡಿದರು. ನಡುವಿನ ಆಕ್ಸಲ್‌ನಲ್ಲಿ ಒಂದು ಕಡೆಯ ಲೈನರ್ ಸವೆದಿತ್ತು. ಎರಡೂ ಕಡೆಗೆ ಹೊಸದು ಹಾಕಿದರು, ಒಂದೇ ಕಡೆ ಹಾಕಿದರೆ ಗಾಡಿ ಎಳೆಯುತ್ತದೆ. ಗಾಳಿ ಸೋರುತ್ತಿದ್ದ ಸ್ಪ್ರಿಂಗ್ ಬೂಸ್ಟರ್ ಒಂದನ್ನು ಬಿಚ್ಚಿ ರಿಪೇರಿಗೆ ಕೂರಲಿಲ್ಲ. ಒಳಗಿನ ಸ್ಪ್ರಿಂಗ್ ಎಗರಿದರೆ ಪ್ರಾಣವೇ ಹೋಗುತ್ತದೆ. ಮೈಸೂರಿನಿಂದ ಹೊಸದನ್ನೇ ತರಿಸಿದರು. ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ತೆಗೆದಾಗ ಅರ್ಧ ಮಗ್ಗಿನಷ್ಟು ನೀರು ಬಂತು. ಅದು ನನ್ನದೇ ತಪ್ಪು. ದಿನಾ ಬಿಡಬೇಕಿತ್ತು.

ಕೊನೆಗೆ ಗಾಳಿ ತುಂಬಿಸಿ ಎಂಜಿನ್ ಆಫ್ ಮಾಡಿ, ಪೈಪ್ ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದರು. ಹಾರ್ಸಿನಿಂದ ಟ್ರೇಲರಿಗೆ ಗಾಳಿ ಕೊಡುವ ಕೆಂಪು ಪೈಪ್ ಕಿತ್ತು ತೋರಿಸಿದರು. ಟ್ರೇಲರ್ ಬ್ರೇಕ್ ತಾನಾಗಿ ಕಚ್ಚಿಕೊಂಡಿತು. ಪೈಪ್ ಮತ್ತೆ ಹಾಕಿ, ನಡೆಯುವಷ್ಟು ನಿಧಾನವಾಗಿ ಗಾಡಿ ಬಿಟ್ಟು ಟ್ರೇಲರ್ ಬ್ರೇಕಿನ ಲಿವರ್ ಮಾತ್ರ ಎಳೆಯಲು ನನ್ನ ಅಕ್ಕನ ಮಗನಿಗೆ ಹೇಳಿದರು. ಹಿಂದಿನಿಂದ ಹಗ್ಗ ಕಟ್ಟಿ ಜಗ್ಗಿದ ಹಾಗೆ ಗಾಡಿ ನಿಂತಿತು. ದಿನಾ ಹೊರಡುವ ಮೊದಲು ಹೀಗೆ ನೋಡಿಕೋ ಅಂತ ಅವನಿಗೆ ಎರಡು ಸಲ ಹೇಳಿದರು. ಅವನು ಈಗ ನಾನು ಮರೆತರೂ ಬಿಡುವುದಿಲ್ಲ.

ಬಿಲ್ 14,600 ರೂಪಾಯಿ ಆಯಿತು. ಹಳೇ ಬೂಸ್ಟರ್, ಹಳೇ ಲೈನರ್ ಎಲ್ಲಾ ನಮ್ಮ ಕೈಗೇ ಕೊಟ್ಟರು. ಬೆಳಗ್ಗೆ 7ಕ್ಕೆ ಹೋದವರು ಬಿಡುವಾಗ ಸಂಜೆ ನಾಲ್ಕೂವರೆ.

ಆಮೇಲೆ ಮೂರು ಸಲ ಸಂಪಾಜೆ ಇಳಿದಿದ್ದೇನೆ. ಹತ್ತುವ ಗೇರಿನಲ್ಲೇ ಇಳಿಯುವುದು, ಎಂಜಿನ್ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿರುವುದು, ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಇರದೆ ಗಟ್ಟಿಯಾಗಿ ಒತ್ತಿ ಬಿಡುವುದು, ಇದೆಲ್ಲ ನಾನು ಮೊದಲಿಂದಲೂ ಮಾಡುತ್ತಿದ್ದದ್ದೇ. ಈಗ ಟ್ರೇಲರ್ ಕೂಡ ತನ್ನ ಪಾಲು ಹಿಡಿಯುತ್ತಿದೆ. ಕೆಳಗೆ ನಿಲ್ಲಿಸಿ ನೋಡಿದರೆ ಹಿಂದಿನ ಡ್ರಮ್ಮುಗಳೂ ಮುಂದಿನವುಗಳಷ್ಟೇ ಬಿಸಿ.

ತೊಂದರೆ ಇಲ್ಲ ಅಂತಲ್ಲ. ಜಾಗ ಚಿಕ್ಕದು. 40 ಅಡಿ ಗಾಡಿಯನ್ನು ಸರ್ವಿಸ್ ರಸ್ತೆಯಿಂದ ರಿವರ್ಸ್ ತಗೊಂಡೇ ಒಳಗೆ ಹಾಕಬೇಕು, ಹಿಂದೆ ಒಬ್ಬರು ನಿಂತು ಹೇಳಲೇಬೇಕು. ಶೌಚಾಲಯ ಇಲ್ಲ. ಬೂಸ್ಟರ್ ಬೇಕಾದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ, ನಮಗೆ ಅದು ಬರುವುದನ್ನು ಕಾಯುವುದರಲ್ಲೇ ಮೂರು ಗಂಟೆ ಹೋಯಿತು. ಭಾನುವಾರ ರಜೆ. ಟ್ರೇಲರ್ ಎಲ್ಲೋ ಬಿಟ್ಟು ಬರೀ ಹಾರ್ಸ್ ತಗೊಂಡು ಹೋಗಬೇಡಿ, ಮೇಸ್ತ್ರಿ ಕೈ ಹಾಕುವುದಿಲ್ಲ.