ಉದ್ದವಾಗದ ಉದ್ದ ಲೆನ್ಸು: ಸೋನಿ 200–600

2019ರಲ್ಲಿ ಬಂದ ಸೋನಿಯ 200–600 ಮಿ.ಮೀ. ಜಿ ಲೆನ್ಸನ್ನು (ಮಿ.ಮೀ. ಅಂಕಿ ಏರಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ನಾನು ಕೊಂಡದ್ದು ಕಾಡುಹಕ್ಕಿಗಳಿಗಾಗಿಯೇ. ಚಿತ್ರದ ಸ್ಪಷ್ಟತೆಯನ್ನು ಎಲ್ಲರೂ ಹೊಗಳುತ್ತಾರೆ, ಅದಕ್ಕೆ ನನ್ನ ತಕರಾರೂ ಇಲ್ಲ. ಆದರೆ ಬಳಸುತ್ತಾ ಹೋದಂತೆ ನನಗೆ ಹೆಚ್ಚು ಹಿಡಿಸಿದ್ದು, ಜೂಮ್ ಮಾಡಿದಾಗ ಇದರ ಕೊಳವೆ ಉದ್ದವಾಗದಿರುವ ಗುಣ. ಗಾಜುಗಳೆಲ್ಲ ಒಳಗೇ ಸರಿದಾಡುವುದರಿಂದ ಭಾರ ಮುಂದಕ್ಕೆ ವಾಲುವುದಿಲ್ಲ, ಎಡಗೈ ಹಿಡಿತವನ್ನು ಬದಲಿಸಬೇಕಾಗಿಲ್ಲ.

ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 600 ಮಿ.ಮೀ.ಗೆ ಸಿಗುವ ನೋಟದ ಕೋನ ಸುಮಾರು 4 ಡಿಗ್ರಿ ಮಾತ್ರ; ಹಾರುವ ಹದ್ದನ್ನು ನೇರವಾಗಿ ಅದರಲ್ಲೇ ಹುಡುಕಹೊರಟರೆ ಕಾಣುವುದು ಬರೀ ಆಕಾಶ. 300ರ ಆಸುಪಾಸಿನಲ್ಲಿ ಹಕ್ಕಿಯನ್ನು ಹಿಡಿದು, ಫೋಕಸ್ ಕೂತೊಡನೆ ಉಂಗುರವನ್ನು ತುಸು ತಿರುಗಿಸಿ 600ಕ್ಕೆ ಹೋಗುವುದು ಈ ಲೆನ್ಸಿನಲ್ಲಿ ಬೇಗ ಕೈಗೂಡುತ್ತದೆ.

ಬೆಳಕಿನ ವಿಷಯದಲ್ಲಿ ಮಾತ್ರ ರಾಜಿಯಾಗಲೇಬೇಕು. 600ರಲ್ಲಿ ಅಪರ್ಚರ್, ಎಂದರೆ ಬೆಳಕು ಒಳಬರುವ ಕಂಡಿ, ಎಫ್/6.3 ದಾಟಿ ತೆರೆಯುವುದಿಲ್ಲ (ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು). ರೆಕ್ಕೆಯ ಬಡಿತ ನಿಲ್ಲಿಸಲು 1/2000 ಸೆಕೆಂಡ್ ಶಟರ್ ಇಟ್ಟರೆ ಬೆಳಗಿನ ಮಬ್ಬಿನಲ್ಲಿ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ 6400 ದಾಟಿ, ಕುತ್ತಿಗೆಯ ಸಣ್ಣ ಗರಿಗಳು ಮರಳು ಚೆಲ್ಲಿದಂತೆ ಕಾಣುತ್ತವೆ. ಎಫ್/4ರ 600 ಮಿ.ಮೀ. ಪ್ರೈಮ್ (ಜೂಮ್ ಇಲ್ಲದ ಲೆನ್ಸು) ಇದರ ಸುಮಾರು ಎರಡೂವರೆ ಪಟ್ಟು ಬೆಳಕು ಒಳಬಿಡುತ್ತದೆ ನಿಜ, ಆದರೆ ಅದರ ತೂಕ ಮೂರು ಕಿಲೋ ದಾಟುತ್ತದೆ. ನನ್ನ 200–600, ಟ್ರೈಪಾಡಿಗೆ ಕೂರಿಸುವ ಕಾಲರ್ ಬಿಟ್ಟು, 2115 ಗ್ರಾಂ. ಇದನ್ನೇ ಗಂಟೆಗಟ್ಟಲೆ ಕೈಯಲ್ಲಿ ಹಿಡಿದರೆ ಭುಜ ಸೋಲುತ್ತದೆ, ಮೊನೊಪಾಡ್ (ಒಂಟಿಕಾಲಿನ ಆಸರೆ) ಇದ್ದರೆ ಒಳ್ಳೆಯದು. ಇನ್ನು ಬಿಸಿಲೇರಿದ ಮೇಲೆ ಬಯಲಿನಾಚೆಯ ಹಕ್ಕಿಯ ಅಂಚುಗಳು ಅಲುಗಾಡುವುದು ಕಾದ ಗಾಳಿಯಿಂದ. ಆ ದೋಷವನ್ನು ಯಾವ ಲೆನ್ಸಿನ ತಲೆಗೂ ಕಟ್ಟಬಾರದು.

ಕೊಳವೆಯ ಪಕ್ಕದಲ್ಲಿ ಫೋಕಸ್ ಮಿತಿಯ ಗುಂಡಿಯೊಂದಿದೆ. ಅದನ್ನು 10 ಮೀಟರಿನಿಂದಾಚೆಗೆ ಸೀಮಿತಗೊಳಿಸಿದರೆ ಲೆನ್ಸು ಹತ್ತಿರದ ರೆಂಬೆಗಳಲ್ಲಿ ತಡಕಾಡದೆ ದೂರದ ಹಕ್ಕಿಯನ್ನು ಬೇಗ ಹಿಡಿಯುತ್ತದೆ. ಹಾಗೆ ಇಟ್ಟದ್ದನ್ನು ಮರೆತು ಕೂತಿದ್ದ ಒಂದು ದಿನ, ಆಚೆ ದಡದಲ್ಲಿದ್ದ ಮಿಂಚುಳ್ಳಿ ನನ್ನಿಂದ ಐದಾರು ಹೆಜ್ಜೆ ದೂರದ ಕಡ್ಡಿಗೇ ಬಂದು ಕೂತಿತು. ಕೊಕ್ಕಿನಲ್ಲಿ ಮೀನು ಇನ್ನೂ ಒದ್ದಾಡುತ್ತಿತ್ತು. ಹಕ್ಕಿ ಅದನ್ನು ಕಡ್ಡಿಗೆ ಎರಡು ಸಲ ಬಡಿದು, ತಲೆಯ ಕಡೆಯಿಂದ ನುಂಗಿ, ಗರಿ ಕೊಡವಿಕೊಂಡಿತು. ನನ್ನ ಕ್ಯಾಮೆರಾದಲ್ಲಿ ಉಳಿದದ್ದು ಹನ್ನೊಂದು ಚಿತ್ರ, ಹನ್ನೊಂದರಲ್ಲೂ ಒಂದು ನೀಲಿ ಮುದ್ದೆ.