ಹಾಗಲದ ನೊಣ: ಟ್ರ್ಯಾಪ್, ಬೇವಿನೆಣ್ಣೆ, ಪೇಪರ್ ತೊಟ್ಟೆ

ಮೊದಲೇ ಹೇಳಿಬಿಡುತ್ತೇನೆ. ಮನೆ ಖರ್ಚಿಗೆ ನಾಲ್ಕು ಬುಡ ಹಾಗಲ ನೆಡುವವರಿಗೆ ನೊಣ ತಡೆಯಲು ಹಳೆ ಪೇಪರಿನ ತೊಟ್ಟೆಯೇ (ಕಾಯಿಗೆ ಹಾಕುವ ಚೀಲ) ಸಾಕು. ಇದು ಗೊತ್ತಾಗುವಷ್ಟರಲ್ಲಿ ನನ್ನ ಒಂದು ಚಪ್ಪರದ ಕಾಯಿ ಪೂರಾ ಹಾಳಾಗಿತ್ತು.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಕಳೆದ ವರ್ಷ ಕಾಯಿ ಬೆರಳುದ್ದ ಆಗುವಾಗಲೇ ಸೊಟ್ಟಗಾಗಿ, ಒಂದು ಬದಿ ಹಳದಿಯಾಗಿ ಉದುರುತ್ತಿತ್ತು. ಸೀಳಿದರೆ ಒಳಗೆ ಬಿಳಿ ಹುಳ, ನೊಣದ ಮರಿಗಳು. ನೆಲಕ್ಕೆ ಬಿದ್ದರೆ ಮೈ ಬಗ್ಗಿಸಿ ಚಂಗನೆ ಹಾರುತ್ತವೆ.

ಪೇಟೆಯ ಅಂಗಡಿಯಲ್ಲಿ ನೊಣದ ಟ್ರ್ಯಾಪ್ ಕೇಳಿ 150 ರೂಪಾಯಿ ಕೊಟ್ಟು ತಂದೆ. ವಾರದಲ್ಲಿ ಡಬ್ಬಿ ತುಂಬ ನೊಣ! ಎಷ್ಟು ಖುಷಿಯಾಯಿತು ಗೊತ್ತಾ? ಆದರೆ ಕಾಯಿ ಕೊಳೆಯುವುದು ಒಂಚೂರೂ ನಿಲ್ಲಲಿಲ್ಲ. ಇನ್ನೊಂದು ತಂದು ಕಟ್ಟಿದೆ. ಅದೂ ತುಂಬಿತು, ಕಾಯಿ ಮಾತ್ರ ಉಳಿಯಲಿಲ್ಲ. ಕೊನೆಗೆ ಡಬ್ಬಿ ಹಿಡಿದುಕೊಂಡೇ ಕೃಷಿಭವನಕ್ಕೆ ಹೋದೆ. ಅಲ್ಲಿದ್ದ ಮೇಡಂ ಒಂದು ನೊಣದ ರೆಕ್ಕೆ ಬಿಡಿಸಿ ನೋಡಿದರು. "ಇದು ಮಾವಿನ ನೊಣ ಅಲ್ವಾ? ಹಾಗಲದ್ದಕ್ಕೆ ರೆಕ್ಕೆಯ ತುದಿಯಲ್ಲಿ ಕಂದು ಮಚ್ಚೆ ಇರ್ತದೆ" ಅಂದರು.

ಅಂಗಡಿಯವರು ಕೊಟ್ಟ ಡಬ್ಬಿಯಲ್ಲಿ ನೊಣವನ್ನು ಸೆಳೆಯಲು ಇದ್ದದ್ದು ಮಿಥೈಲ್ ಯುಜಿನಾಲ್ ಎಂಬ ವಾಸನೆಯ ಮದ್ದು. ಅದು ಮಾವಿನ ನೊಣಕ್ಕೆ. ಹಾಗಲ, ಹೀರೆ, ಪಡುವಲಕ್ಕೆ ಕ್ಯೂಲೂರ್ ಎಂಬ ಬೇರೆ ವಾಸನೆಯದ್ದು ಬೇಕು. ಕೊಳ್ಳುವಾಗ ಹೆಸರು ಓದಿ ನೋಡಿ, ಸುಮ್ನೆ "ನೊಣದ್ದು" ಅಂತ ಕೇಳಬೇಡಿ. ಸರಿಯಾದದ್ದು ತಂದ ಮೇಲೆ ಹಾಳಾಗುವುದು ಕಮ್ಮಿಯಾಯಿತು, ನಿಲ್ಲಲಿಲ್ಲ. ಈ ವಾಸನೆಗೆ ಬರುವುದು ಗಂಡು ನೊಣ. ಮೊಟ್ಟೆ ಇಡುವ ಹೆಣ್ಣು ಪಕ್ಕದ ತೋಟದಿಂದ ಹಾರಿ ಬರುತ್ತಲೇ ಇರುತ್ತದೆ. ಊರೆಲ್ಲ ಸೇರಿ ಕಟ್ಟಿದರೆ ಕತೆ ಬೇರೆ.

ಬೇವಿನೆಣ್ಣೆ ಅಲಸಂಡೆಯ ಹೇನಿಗೆ ಬಹಳ ಒಳ್ಳೆಯದು. ಕಾಯಿಯ ಒಳಗೆ ಸೇರಿದ ಹುಳಕ್ಕೆ ಅದು ತಾಗುವುದೇ ಇಲ್ಲ.

ಗಟ್ಟಿ ವಿಷದ ಮಾತು ನಮ್ಮಲ್ಲಿ ಬೇಡ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಇದು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಆ ವಿಷ ಬಿದ್ದ ಎಣ್ಮಕಜೆಯ ಕಡೆಯ ಅಂಗವಿಕಲ ಮಕ್ಕಳನ್ನು ಕಂಡವರು ಅಡುಗೆಯ ಕಾಯಿಗೆ ವಿಷ ಹೊಡೆಯಲಾರರು.

ಇನ್ನು ತೊಟ್ಟೆ. ಹೂ ಬಾಡಿ ಮಿಡಿ ಹೆಬ್ಬೆರಳಷ್ಟು ಆದ ದಿನವೇ ಹಾಕಬೇಕು, ಎರಡು ದಿನ ತಡವಾದರೆ ನೊಣ ಚುಚ್ಚಿ ಆಗಿರುತ್ತದೆ. ಬಾಯಿಯನ್ನು ತೊಟ್ಟಿನ ಹತ್ತಿರ ಬಾಳೆನಾರಿನಲ್ಲಿ ಕಟ್ಟುತ್ತೇನೆ. ನಾನು ಹೇಗೂ ಬೆಳಗ್ಗೆ ನೀರು ಹಾಕಲು ಹೋಗುತ್ತೇನೆ, ಹತ್ತು ನಿಮಿಷ ಜಾಸ್ತಿ ಅಷ್ಟೆ. ಬಿಸಿಲು ಬೀಳದೆ ಕಾಯಿ ಸ್ವಲ್ಪ ಬೆಳ್ಳಗಾಗುತ್ತದೆ. ಅದರಲ್ಲಿ ಮೆಣಸ್ಕಾಯಿ ಎಂಬ ಪದಾರ್ಥ ಮಾಡಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. ಮಳೆಗಾಲದಲ್ಲಿ ಪೇಪರ್ ಕರಗುತ್ತದೆ, ಆಗ ಅಮ್ಮ ಹಳೆ ಪಂಚೆಯಲ್ಲಿ ಚೀಲ ಹೊಲಿದು ಕೊಡುತ್ತಾರೆ.

ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ನಾನು ಒಲೆಗೆ ಹಾಕುತ್ತೇನೆ.

ಈ ಸಲ ಹೀರೆಗೂ ತೊಟ್ಟೆ ಕಟ್ಟಿದ್ದೇನೆ. ಪಡುವಲಕ್ಕೆ ಅಷ್ಟುದ್ದದ ತೊಟ್ಟೆ ಮಾಡಲಿಕ್ಕೆ ಆಗುವುದಿಲ್ಲ, ಹಾಗಾಗಿ ಆ ಚಪ್ಪರದಲ್ಲಿ ಕ್ಯೂಲೂರ್ ಡಬ್ಬಿಯನ್ನು ಉಳಿಸಿಕೊಂಡಿದ್ದೇನೆ.